ಭಾವೋದ್ವೇಗವೂ ಸಂಯಮವೂ

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಆರು ವೈರಿಗಳ ಹೆಸರನ್ನು ಅರಿಯದ ವಾಚಕರು ಈ ಪತ್ರಿಕೆಗೆ ಇರಲಾರರು. ಅದು ಬಾಲ್ಯದಲ್ಲಿಯೇ ಬಾಯಿಪಾಠವಾದ ಪಟ್ಟಿ. ಕೋಪವು ಕೆಟ್ಟದ್ದೆಂಬುದನ್ನು ಎಲ್ಲರೂ ಬಲ್ಲರು, ಬಲ್ಲವರೇ ಕೋಪಗೊಳ್ಳುವರು. ತಿಳಿಯದವನು ತಪ್ಪಿದರೆ ಆಶ್ಚರ್ಯವಿಲ್ಲ. ಹಗಲೆಲ್ಲ ಶಾಂತಿಯನ್ನು ಬೋಧಿಸಿದವನು ಸಂಜೆ ಮನೆಯಲ್ಲಿ ಊಟದ ತಾಟನ್ನು ಬೀಸಿ ಒಗೆಯುವುದೇಕೆ? ಇದೇ ಪ್ರಕೃತ ಲೇಖನದ ಪ್ರಶ್ನೆ.

ಮನೋಬಲವು ಸಾಲದೆಂಬುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ. ಆ ಉತ್ತರವು ಸುಳ್ಳಲ್ಲವಾದರೂ ಅಪೂರ್ಣವಾದುದು. ಮೆದುಳನ್ನು ಕುರಿತು ಈಚಿನ ಕಾಲದಲ್ಲಿ ನಡೆದ ಶೋಧನೆಗಳನ್ನು ಪರಿಶೀಲಿಸಿದರೆ, ಭಾವೋದ್ವೇಗವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವುದೆಂದು ತಿಳಿದುಬರುತ್ತದೆ. ಅದು ನಮ್ಮ ನೋಟವನ್ನು ಬದಲಿಸುವುದು. ನಮ್ಮ ಸಂಯಮವನ್ನು ಸಡಿಲಿಸುವುದು. ನೋಟವೇ ಬದಲಾದ ಮೇಲೆ ತಾನು ತಪ್ಪುತ್ತಿರುವೆನೆಂಬುದು ಕೋಪಿಷ್ಠನಿಗೆ ಕಾಣುವುದಿಲ್ಲ. ನ್ಯಾಯವನ್ನೇ ಮಾಡುತ್ತಿರುವೆನೆಂದು ಅವನು ನಂಬಿರುವನು. ಆದುದರಿಂದ ಕೈಯನ್ನು ತಡೆಯುವುದಕ್ಕೂ ಮೊದಲು ಕಂಡುದನ್ನು ಮತ್ತೊಮ್ಮೆ ನೋಡುವುದನ್ನು ಕಲಿಯಬೇಕಾಗಿರುವುದು. ಈ ಮಾತನ್ನು ನಾನು ಪುಸ್ತಕದಿಂದ ಕಲಿಯುವುದಕ್ಕೆ ಮುಂಚೆ ಒಂದು ಅಪರಾಧದಿಂದ ಕಲಿತೆನು. ಅದನ್ನೇ ಮೊದಲು ಹೇಳುವೆನು.

೧. ಒಂದು ಅನುಭವ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಮ್ಮ ನಗರವನ್ನು ಗುಲ್ಬರ್ಗಾ ಎಂದೇ ಬರೆಯುತ್ತಿದ್ದರು. ಕಲಬುರಗಿ ಎಂಬ ಹೆಸರು ಸರಕಾರದ ಕಾಗದಗಳಿಗೆ ಬಂದುದು ೨೦೧೪ರಲ್ಲಿ. ನಗರದ ಒಂದು ಶಾಲೆಯಲ್ಲಿ ನಾನು ಕನ್ನಡ ಮತ್ತು ಸಂಸ್ಕೃತ ಪಾಠಗಳನ್ನು ಹೇಳುತ್ತಿದ್ದೆನು. ಪುಷ್ಯಮಾಸದಲ್ಲಿ ಮಕ್ಕಳನ್ನು ಬಸವಕಲ್ಯಾಣಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಅದಕ್ಕಾಗಿ ಕೂಡಿಸಿದ ೬೪೦ ರೂಪಾಯಿಗಳನ್ನು ಒಂದು ಲಕೋಟೆಯಲ್ಲಿಟ್ಟಿದ್ದೆನು. ಒಂದು ಮಧ್ಯಾಹ್ನ ನೋಡಿದರೆ ಲಕೋಟೆಯು ಮೇಜಿನ ಖಾನೆಯಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಕೋಣೆಗೆ ಬಂದುಹೋದವನು ಒಬ್ಬನೇ. ಅವನು ಕಮಲಾಪುರದ ಕಡೆಯಿಂದ ಬಂದು, ಪ್ರಸಾದನಿಲಯದಲ್ಲಿದ್ದುಕೊಂಡು ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ಬಾಲಕ.

ಅವನನ್ನು ಕರೆದು ಕೇಳಿದೆನು. ಅವನ ಹಣೆಯಲ್ಲಿ ಬೆವರು ಮೂಡಿತು, ದೃಷ್ಟಿ ನೆಲಕ್ಕಿಳಿಯಿತು, ಮಾತು ತೊದಲಿತು. ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ. ತರಗತಿಯ ಮಕ್ಕಳೆಲ್ಲರ ಎದುರಿಗೆ ಅವನ ಕೆನ್ನೆಗೆ ಎರಡು ಏಟು ಹೊಡೆದೆನು. ಮರುದಿನ ಬೆಳಗಾಗುವಷ್ಟರಲ್ಲಿ ಅವನು ಹಾಸಿಗೆ ಸುತ್ತಿಕೊಂಡು ಊರಿಗೆ ಹೊರಟುಹೋಗಿದ್ದನು. ಮೂರನೆಯ ದಿನ, ಲಘುಸಿದ್ಧಾಂತಕೌಮುದಿಯ ಪುಟಗಳ ನಡುವೆ ಲಕೋಟೆಯು ಸಿಕ್ಕಿತು. ಅಲ್ಲಿಟ್ಟವನು ನಾನೇ.

ಬಂದ ರವಿವಾರ ಹುಮನಾಬಾದಿನ ಬಸ್ಸನ್ನು ಹಿಡಿದು, ಮಹಾಗಾಂವವನ್ನು ದಾಟಿ, ಕಮಲಾಪುರದಲ್ಲಿ ಇಳಿದೆನು. ಈಗ ತಾಲೂಕು ಕೇಂದ್ರವಾಗಿರುವ ಆ ಊರು ತನ್ನ ಕೆಂಬಾಳೆಗೆ ಹೆಸರಾದುದು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹುಡುಗನ ತಂದೆ ಅಂಥ ಒಂದು ಬಾಳೆಯ ತೋಟದಲ್ಲಿ ದುಡಿಯುತ್ತಿದ್ದರು. ನಡೆದುದನ್ನೆಲ್ಲ ಹೇಳಿ ಕೈಮುಗಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಡ್ರಿ ಮಾಸ್ತರ್ರೀ. ಅವನ ಮಾರಿನೇ ಹಂಗ ಅದರೀ. ಮನ್ಯಾಗ ನಾ ಜೋರ್ ಮಾತಾಡಿದ್ರೂ ಹಂಗೇ ಬೆವರ್ತಾನ” ಎಂದರು. ಹೆತ್ತವರು ಬಲ್ಲ ಆ ಮುಖವನ್ನು ನಾನು ಕಳವಿನ ಸಾಕ್ಷಿಯೆಂದು ಓದಿದ್ದೆನು.

ಹೊರಡುವಾಗ ಸಂಜೆಯ ಮಬ್ಬು ಕವಿದಿತ್ತು. ಹುಡುಗನು ನನ್ನನ್ನು ತೋಟದ ಕಾಲುದಾರಿಯಲ್ಲಿ ಬಸ್ಸಿನ ಕಡೆಗೆ ಕರೆದೊಯ್ಯುತ್ತಿದ್ದನು. ಥಟ್ಟನೆ ಕಾಲ ಬಳಿ ಕರಿಯ ಹಾವನ್ನು ಕಂಡು ನಾನು ಹಿಂದಕ್ಕೆ ಹಾರಿದೆನು. ಅವನು ಬಾಗಿ ಅದನ್ನು ಕೈಯಿಂದಲೇ ಎತ್ತಿ, “ಪೈಪ್ ಅದರೀ ಸರ” ಎಂದನು. ನೀರು ಹಾಯಿಸುವ ಪೈಪಿನ ತುಂಡು ಅದು! ಹಗ್ಗವನ್ನು ಹಾವೆಂದು ಭ್ರಮಿಸುವ ವೇದಾಂತದ ದೃಷ್ಟಾಂತವನ್ನು ಎಷ್ಟೋ ವರ್ಷ ಪಾಠ ಹೇಳಿದ್ದ ನನಗೆ ಆ ದಿನ ಅದು ನಿಜವಾಗಿ ಪಾಠವಾಯಿತು. ಪೈಪೆಂದು ತಿಳಿದ ಮೇಲೆಯೂ ಎದೆಯ ಬಡಿತವು ಇಳಿಯಲು ಹೊತ್ತು ಹಿಡಿಯಿತು. ಪೈಪನ್ನಾದರೂ ನಾನು ಎರಡನೆಯ ಸಲ ನೋಡಿದೆನು. ಆ ಹುಡುಗನ ಮುಖವನ್ನು ಎರಡನೆಯ ಸಲ ನೋಡಿರಲಿಲ್ಲ.

ಈ ಎರಡು ಭ್ರಾಂತಿಗಳ ಮೂಲವು ಒಂದೇ ಇರಬಹುದೆ ಎಂಬ ಶಂಕೆಯು ಬಸ್ಸಿನಲ್ಲಿ ಕುಳಿತಾಗ ಹುಟ್ಟಿತು. ಆ ಶಂಕೆಯೇ ಮೆದುಳಿನ ವಿಚಾರವನ್ನು ಓದಲು ನನ್ನನ್ನು ಪ್ರೇರಿಸಿತು. ಓದಿ ತಿಳಿದುದನ್ನು ಕ್ರಮವಾಗಿ ನಿವೇದಿಸುವೆನು.

೨. ಮೆದುಳಿನಲ್ಲಿ ಭಾವದ ದಾರಿ

ಪ್ರಾಯದವರ ಮೆದುಳು ಸುಮಾರು ೧.೩ರಿಂದ ೧.೪ ಕಿಲೋಗ್ರಾಮ್ ತೂಗುವುದು. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟೇ ಆದರೂ ದೇಹವು ವಿಶ್ರಾಂತಿಯಲ್ಲಿರುವಾಗ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಅದೊಂದೇ ಬಳಸುವುದು. ಅದರಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದು ಎಣಿಸಿರುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳು ಸಂಗ್ರಹಾಲಯದಲ್ಲಿ ಸಂರಕ್ಷಿಸಿಟ್ಟ ಮಾನವ ಮೆದುಳುಗಳನ್ನು ಸಾರ್ವಜನಿಕರೂ ನೋಡಬಹುದು. ಸಿಟ್ಟು, ಅಂಜಿಕೆ, ಅಕ್ಕರೆಗಳೆಲ್ಲ ಇಷ್ಟು ಚಿಕ್ಕ ಪದಾರ್ಥವನ್ನು ಆಶ್ರಯಿಸಿವೆಯೆಂಬುದು ನೋಡುವವನನ್ನು ಮೌನಗೊಳಿಸುವುದು.

ನಮ್ಮ ವಿಷಯಕ್ಕೆ ಅದರ ಮೂರು ಭಾಗಗಳನ್ನು ತಿಳಿದುಕೊಂಡರೆ ಸಾಕು. ಮೊದಲನೆಯದು ಮೆದುಳಿನ ನಡುವಿರುವ ಥ್ಯಾಲಮಸ್. ಕಣ್ಣು ಕಿವಿ ಮೊದಲಾದವುಗಳಿಂದ ಬಂದ ಸುದ್ದಿಯು ಅಲ್ಲಿ ಸೇರಿ, ಅಲ್ಲಿಂದ ಮುಂದಕ್ಕೆ ಹಂಚಿಕೆಯಾಗುವುದು. ಊರಿನ ಅಂಚೆಮನೆಯಂತೆ ಎನ್ನಬಹುದು. ಎರಡನೆಯದು ಅಮಿಗ್ಡಲಾ. ಬಾದಾಮಿ ಬೀಜದ ಆಕಾರವಿರುವುದರಿಂದ ಗ್ರೀಕ್ ಭಾಷೆಯ ಬಾದಾಮಿಯ ಹೆಸರನ್ನೇ ಅದಕ್ಕೆ ಇಟ್ಟಿರುವರು. ಮೆದುಳಿನ ಎರಡು ಪಕ್ಕದಲ್ಲಿಯೂ ಒಂದೊಂದಿದೆ. ಅಪಾಯದ ಸೂಚನೆಯನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಮೂರನೆಯದು ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ತೂಗಿ ನೋಡುವುದು, ಮುಂದಾಲೋಚಿಸುವುದು, ಎದ್ದ ಕೈಯನ್ನು ತಡೆಯುವುದು, ಇವೆಲ್ಲ ಅದನ್ನು ಅವಲಂಬಿಸಿದ ಕಾರ್ಯಗಳು. ಇದನ್ನು ಮುಂದೆ ‘ಮುಂಮೆದುಳು’ ಎಂದು ಕರೆಯುವೆನು.

ನ್ಯೂಯಾರ್ಕಿನ ಜೋಸೆಫ್ ಲೆಡೂ ಎಂಬ ವಿಜ್ಞಾನಿಯು ಇಲಿಗಳಲ್ಲಿ ಭಯದ ದಾರಿಯನ್ನು ಶೋಧಿಸಿ, ತಾನು ಕಂಡುದನ್ನು ೧೯೯೬ರ ತನ್ನ ಗ್ರಂಥದಲ್ಲಿ ವಿವರಿಸಿರುವನು. ಥ್ಯಾಲಮಸ್ಸಿನಿಂದ ಅಮಿಗ್ಡಲಾಕ್ಕೆ ಎರಡು ದಾರಿಗಳಿವೆ. ಒಂದು ನೇರವಾದ ಕಿರುದಾರಿ; ಇನ್ನೊಂದು ಮೆದುಳಿನ ಹೊರಪದರವನ್ನು ಸುತ್ತಿ ಬರುವ ಹೆದ್ದಾರಿ. ಇಲಿಯಲ್ಲಿ ಶಬ್ದದ ಸುದ್ದಿಯು ಕಿರುದಾರಿಯಿಂದ ತಲುಪಲು ಒಂದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ಸುಮಾರು ಹನ್ನೆರಡು ಪಾಲು ಸಾಕು. ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಕಿರುದಾರಿಯ ಸುದ್ದಿಯು ಬೇಗ ಬರುವುದು, ಆದರೆ ಒರಟಾಗಿರುವುದು: ಉದ್ದವಾದುದೇನೋ, ಕರಿಯದೇನೋ ಎಂಬಷ್ಟೇ ಅದರಲ್ಲಿರುವುದು. ಹಾವೋ ಪೈಪೋ ಎಂಬ ವಿವರವು ಹೆದ್ದಾರಿಯಲ್ಲಿ ತಡವಾಗಿ ಬರುವುದು. ಮಾನವನ ದೃಷ್ಟಿಯಲ್ಲಿ ಈ ಕಿರುದಾರಿಯ ಪಾತ್ರವೆಷ್ಟೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇನ್ನೂ ಚರ್ಚೆಯಿದೆ. ಅಮಿಗ್ಡಲಾವನ್ನೇ ‘ಭಯದ ಮನೆ’ ಎಂದು ಕರೆಯಬಾರದೆಂದು ಲೆಡೂ ಅವನೇ ಅನಂತರ ಎಚ್ಚರಿಸಿರುವನು. ಅದು ದೇಹವನ್ನು ರಕ್ಷಣೆಗೆ ಅಣಿಗೊಳಿಸುವ ಅಂಗ, ಭಯದ ಅನುಭವಕ್ಕೆ ಮೆದುಳಿನ ಇತರ ಭಾಗಗಳೂ ಬೇಕು. ಆದರೂ ಪೂರ್ಣ ಪರಿಚಯಕ್ಕೆ ಮೊದಲೇ ದೇಹವು ಸಜ್ಜಾಗಬಲ್ಲುದೆಂಬುದು ನಮ್ಮೆಲ್ಲರ ಅನುಭವಕ್ಕೂ ಬಂದ ಸಂಗತಿ.

ದೇಹವು ಸಜ್ಜಾಗುವ ಬಗೆಯನ್ನು ಅಮೆರಿಕೆಯ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿಜ್ಞಾನಿಯು ೧೯೧೫ರ ತನ್ನ ಗ್ರಂಥದಲ್ಲಿಯೇ ತಿಳಿಸಿದ್ದನು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುವುದು. ಹೃದಯದ ಬಡಿತವು ಏರುವುದು, ರಕ್ತದಲ್ಲಿ ಸಕ್ಕರೆಯ ಅಂಶವು ಹೆಚ್ಚುವುದು, ಜೀರ್ಣಕ್ರಿಯೆಯು ಮಂದವಾಗುವುದು. ಹೋರಾಡುವುದಕ್ಕೂ ಓಡುವುದಕ್ಕೂ ಇದೇ ಸಿದ್ಧತೆ. ರಕ್ತಕ್ಕೆ ಇಳಿದುದು ಬುದ್ಧಿಯು ‘ಇದು ಪೈಪು’ ಎಂದ ಕ್ಷಣಕ್ಕೆ ಮಾಯವಾಗುವುದಿಲ್ಲ. ತೋಟದ ದಾರಿಯಲ್ಲಿ ನನ್ನ ಎದೆಯ ಬಡಿತವು ತಡವಾಗಿ ಇಳಿದುದು ಇದರಿಂದ. ವಾದವು ಮುಗಿದ ಮೇಲೆಯೂ ಸಿಟ್ಟು ಮುಗಿಯದಿರುವುದಕ್ಕೆ ಇದು ಒಂದು ಕಾರಣ.

೩. ಉದ್ವೇಗವು ನೋಟವನ್ನು ಬದಲಿಸುವ ಬಗೆ

ಕಣ್ಣು ಕನ್ನಡಿಯಂತೆ ಎದುರಿದ್ದುದನ್ನು ಇದ್ದಂತೆಯೇ ತೋರಿಸುವುದೆಂದು ನಾವು ಎಣಿಸಿರುವೆವು. ಮೆದುಳು ಹಾಗೆ ಕೆಲಸ ಮಾಡುವುದಿಲ್ಲ. ಬಂದ ಸುದ್ದಿಯಲ್ಲಿ ಕೆಲವನ್ನು ಆರಿಸುವುದು, ಉಳಿದುದನ್ನು ಬಿಡುವುದು, ಕಡಮೆಬಿದ್ದುದನ್ನು ತನ್ನ ನಿರೀಕ್ಷೆಯಿಂದ ತುಂಬಿಕೊಳ್ಳುವುದು. ಉದ್ವೇಗವು ಈ ಆರಿಸುವಿಕೆಯನ್ನೂ ತುಂಬಿಕೊಳ್ಳುವಿಕೆಯನ್ನೂ ಮಾರ್ಪಡಿಸುವುದು.

ಮೊದಲು ಆರಿಸುವಿಕೆ. ಉದ್ರೇಕವು ಏರಿದಂತೆ ಗಮನದ ವ್ಯಾಪ್ತಿಯು ಕಿರಿದಾಗುವುದೆಂದು ಈಸ್ಟರ್‌ಬ್ರೂಕ್ ಎಂಬ ವಿದ್ವಾಂಸನು ೧೯೫೯ರಲ್ಲಿ ಪ್ರತಿಪಾದಿಸಿದನು. ನ್ಯಾಯಾಲಯದ ಸಾಕ್ಷಿಗಳ ನೆನಪನ್ನು ಕುರಿತ ಅಧ್ಯಯನಗಳು ಇದಕ್ಕೆ ನಿದರ್ಶನವನ್ನು ಒದಗಿಸುತ್ತವೆ. ಎದುರಿಗಿದ್ದವನ ಕೈಯಲ್ಲಿ ಆಯುಧವಿದ್ದರೆ ನೋಡುವವರ ಕಣ್ಣು ಆಯುಧಕ್ಕೇ ಅಂಟಿಕೊಳ್ಳುವುದು. ಹಿಡಿದವನ ಮುಖವು ಅವರ ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ನನ್ನ ಪ್ರಸಂಗದಲ್ಲಿಯೂ ಹುಡುಗನ ಬೆವರು ಕಂಡಿತು. ಆ ಹಿಂದಿನ ದಿನ ಕೌಮುದಿಯನ್ನು ತೆರೆದು ಪಾಠಮಾಡಿದವನು ನಾನೇ ಎಂಬುದು ನೆನಪಿಗೆ ಬರಲಿಲ್ಲ.

ಎರಡನೆಯದು ತುಂಬಿಕೊಳ್ಳುವಿಕೆ. ಅಮೆರಿಕೆಯ ಬೌಮನ್ ಮತ್ತು ಡೆಸ್ಟೆನೊ ಎಂಬ ಮನೋವಿಜ್ಞಾನಿಗಳು ೨೦೧೦ರಲ್ಲಿ ಒಂದು ಪ್ರಯೋಗಮಾಲೆಯನ್ನು ಪ್ರಕಟಿಸಿದರು. ಕೆಲವರಲ್ಲಿ ಕೋಪವನ್ನೂ ಕೆಲವರಲ್ಲಿ ಬೇರೆ ಭಾವಗಳನ್ನೂ ಎಬ್ಬಿಸಿ, ಅನಂತರ ಕೈಯಲ್ಲಿ ಏನನ್ನೋ ಹಿಡಿದಿರುವ ಮನುಷ್ಯರ ಚಿತ್ರಗಳನ್ನು ಕ್ಷಣಮಾತ್ರ ತೋರಿಸಿ, ಹಿಡಿದುದು ಬಂದೂಕವೋ ಅಲ್ಲವೋ ಎಂದು ಕೇಳಿದರು. ಕೋಪದಲ್ಲಿದ್ದವರು ನಿರಪಾಯದ ವಸ್ತುಗಳನ್ನು ಬಂದೂಕವೆಂದು ಹೆಚ್ಚಾಗಿ ತಪ್ಪು ತಿಳಿದರು. ಸಂತೋಷವಾಗಲಿ ದುಃಖವಾಗಲಿ ಈ ತಪ್ಪನ್ನು ಹೆಚ್ಚಿಸಲಿಲ್ಲ. ಕೋಪಕ್ಕೆ ಕಾರಣವಾದ ಸಂಗತಿಗೂ ಆ ಚಿತ್ರಗಳಿಗೂ ಸಂಬಂಧವೇ ಇರಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಎಲ್ಲಿಯೋ ಹುಟ್ಟಿದ ಸಿಟ್ಟು ಎದುರಿಗಿದ್ದವನ ಕೈಯಲ್ಲಿ ಆಯುಧವನ್ನು ಇಡಬಲ್ಲುದು.

ಮುಖವನ್ನು ಓದುವಾಗ ಆಗುವ ತಪ್ಪಿಗೆ ಪಾಲ್ ಎಕ್ಮನ್ ಎಂಬ ಮನೋವಿಜ್ಞಾನಿಯು ೧೯೮೫ರಲ್ಲಿ ‘ಒಥೆಲೊನ ದೋಷ’ ಎಂಬ ಹೆಸರನ್ನು ಕೊಟ್ಟನು. ಶೇಕ್ಸ್‌ಪಿಯರನ ನಾಟಕದಲ್ಲಿ ಒಥೆಲೊನು ಹೆಂಡತಿಯನ್ನು ಶಂಕಿಸುವನು. ತನ್ನ ಮಾತನ್ನು ಗಂಡನು ನಂಬಲಾರನೆಂಬ ಆಕೆಯ ಭೀತಿಯನ್ನೂ ದುಃಖವನ್ನೂ ಅಪರಾಧದ ಗುರುತೆಂದು ತಿಳಿದು ಆಕೆಯನ್ನು ಕೊಲ್ಲುವನು. ಸಿಕ್ಕಿಬಿದ್ದೇನೆಂಬ ತಪ್ಪಿತಸ್ಥನ ಅಂಜಿಕೆಯೂ, ನನ್ನನ್ನು ನಂಬಲಾರರೆಂಬ ನಿರಪರಾಧಿಯ ಅಂಜಿಕೆಯೂ ಮುಖದ ಮೇಲೆ ಒಂದೇ ಬಗೆಯಾಗಿ ತೋರುವವು. ಬೆವರಿಗೆ ಕಾರಣವು ಬೆವರಿನಲ್ಲಿ ಬರೆದಿರುವುದಿಲ್ಲ. ಗಟ್ಟಿಯಾದ ದನಿಗೇ ಹೆದರುತ್ತಿದ್ದ ಆ ಬಾಲಕನು ಹೆದರಿದುದು ನನ್ನ ಕೋಪಕ್ಕೆ. ನನ್ನ ಕೋಪವೇ ಹುಟ್ಟಿಸಿದ ಬೆವರನ್ನು ನಾನು ಅವನ ಅಪರಾಧಕ್ಕೆ ಆಧಾರವಾಗಿ ಎಣಿಸಿದೆನು.

ಮೈಮೇಲೆ ತೋರುವ ಕೋಪವು ಮನುಷ್ಯನ ಘನತೆಗೆ ಹಾನಿಯೆಂದೂ ಮನದಲ್ಲಿ ನೆಲೆಸಿದ ಕೋಪವು ಅವನ ತಿಳಿವಿಗೇ ಹಾನಿಯೆಂದೂ ಬಸವಣ್ಣನವರು ಬೋಧಿಸಿರುವರು. ಅವರ ಬೋಧೆಯ ಎರಡನೆಯ ಭಾಗವನ್ನು ನಾನು ಬಹುಕಾಲ ನೀತಿಯ ಮಾತೆಂದಷ್ಟೇ ಗ್ರಹಿಸಿದ್ದೆನು. ಅದು ಅಕ್ಷರಶಃ ನಿಜವೆಂದು ಈಗ ತೋರುವುದು.

೪. ಸಂಯಮವು ಸಡಿಲುವ ಬಗೆ

ನೋಟವು ತಪ್ಪಿದರೂ ಕೈಯನ್ನು ತಡೆಯುವ ಶಕ್ತಿಯು ಉಳಿದಿದ್ದರೆ ಅನರ್ಥವು ತಪ್ಪೀತು. ಆದರೆ ಅದೇ ಹೊತ್ತಿಗೆ ಆ ಶಕ್ತಿಯೂ ಕುಗ್ಗುವುದು.

ಮುಂಮೆದುಳಿಗೂ ಸಂಯಮಕ್ಕೂ ಇರುವ ಸಂಬಂಧವು ಮೊದಲು ಬೆಳಕಿಗೆ ಬಂದುದು ಒಂದು ಅಪಘಾತದಿಂದ. ೧೮೪೮ರ ಸಪ್ಟೆಂಬರ್ ೧೩ರಂದು ಅಮೆರಿಕೆಯ ವರ್ಮಾಂಟ್ ಪ್ರಾಂತದಲ್ಲಿ ರೈಲುಹಾದಿಗಾಗಿ ಬಂಡೆಯನ್ನು ಸಿಡಿಸುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ೨೫ ವರ್ಷದ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯು ನೆತ್ತಿಯಿಂದ ಹೊರಬಿದ್ದಿತು. ಸಲಾಕೆಯ ಉದ್ದವು ಮೂರೂವರೆ ಅಡಿಗಿಂತ ತುಸು ಹೆಚ್ಚು. ತೂಕವು ಸುಮಾರು ೬ ಕಿಲೋಗ್ರಾಮ್. ಗೇಜನು ಬದುಕಿದನು, ನಡೆದನು, ಮಾತನಾಡಿದನು. ಆದರೆ ಮೊದಲು ಹದವರಿತು ನಡೆಯುತ್ತಿದ್ದವನು ಅನಂತರ ಮುಂಗೋಪಿಯೂ ಚಂಚಲನೂ ಆದನೆಂದು ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೊ ಬರೆದಿಟ್ಟಿರುವನು. ಮುಂದೆ ಅವನು ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಬಂಡಿಯ ಸಾರಥಿಯಾಗಿ ದುಡಿದನೆಂಬುದನ್ನೂ ಹೇಳಬೇಕು. ಕ್ರಮವಾದ ಕಾಯಕವು ಅವನನ್ನು ಬಹುಮಟ್ಟಿಗೆ ಸರಿದಾರಿಗೆ ತಂದಿರಬೇಕೆಂದು ಈಚಿನ ಕೆಲವು ವಿದ್ವಾಂಸರು ಊಹಿಸುವರು.

ಗೇಜನ ಮುಂಮೆದುಳನ್ನು ಸಲಾಕೆಯು ಕೆಡಿಸಿತು. ನಮ್ಮ ಮುಂಮೆದುಳನ್ನು ಉದ್ವೇಗವು ಸ್ವಲ್ಪ ಹೊತ್ತು ಮಂಕುಗೊಳಿಸುವುದು. ಯೇಲ್ ವಿಶ್ವವಿದ್ಯಾನಿಲಯದ ಆಮಿ ಆರ್ನ್‌ಸ್ಟೆನ್ ಎಂಬ ವಿಜ್ಞಾನಿಯು ಇದನ್ನು ದೀರ್ಘಕಾಲ ಶೋಧಿಸಿರುವರು. ನೋರಡ್ರಿನಲಿನ್, ಡೋಪಮಿನ್ ಎಂಬ ರಸಗಳು ಹದವಾಗಿದ್ದಾಗ ಮುಂಮೆದುಳು ಚೆನ್ನಾಗಿ ಕೆಲಸ ಮಾಡುವುದು. ತನ್ನ ಕೈಮೀರಿತೆಂಬ ಒತ್ತಡದಲ್ಲಿ ಅವೇ ರಸಗಳು ಮಿತಿಮೀರಿ ಹರಿದು, ಅಲ್ಲಿಯ ನರಕೋಶಗಳ ಪರಸ್ಪರ ಸಂಪರ್ಕವನ್ನು ದುರ್ಬಲಗೊಳಿಸುವುವು. ಆಗ ಅಮಿಗ್ಡಲಾ ಮೊದಲಾದ ಹಳೆಯ ಭಾಗಗಳದೂ, ರೂಢಿಯ ಕೆಲಸಗಳನ್ನು ನಡೆಸುವ ಭಾಗಗಳದೂ ಮೇಲುಗೈಯಾಗುವುದು. ಯಜಮಾನನಿಲ್ಲದ ಮನೆಯಲ್ಲಿ ಆಳುಗಳು ತಮಗೆ ತಿಳಿದಂತೆ ಮಾಡುವರು. ಹೊಡೆದು ರೂಢಿಯಾದ ಕೈಯು ಹೊಡೆಯುವುದು.

ಇದರಿಂದ ಒಂದು ಮುಖ್ಯ ಸಂಗತಿಯು ಸಿದ್ಧಿಸುವುದು. ಉದ್ವೇಗದ ಕ್ಷಣದಲ್ಲಿ ಹೊಸದಾಗಿ ಸಂಯಮವನ್ನು ಸಂಪಾದಿಸಲು ಬರುವುದಿಲ್ಲ. ಆ ಕ್ಷಣದಲ್ಲಿ ಒದಗಿಬರುವುದು ಶಾಂತವಾದ ದಿನಗಳಲ್ಲಿ ರೂಢಿಸಿಕೊಂಡುದು ಮಾತ್ರ. ಬೆಂಕಿ ಬಿದ್ದ ಮೇಲೆ ಬಾವಿಯನ್ನು ತೋಡಬಾರದೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುವುದು.

೫. ಭಾವವು ವೈರಿಯೆ?

ಹಾಗಾದರೆ ಭಾವಗಳನ್ನೆಲ್ಲ ಕಿತ್ತುಹಾಕಿದರೆ ಮನುಷ್ಯನು ವಿವೇಕಿಯಾಗುವನೆ? ಇಲ್ಲವೆಂಬುದಕ್ಕೆ ಪ್ರಮಾಣವಿದೆ. ಆಂಟೋನಿಯೋ ಡಮಾಸಿಯೋ ಎಂಬ ನರವೈದ್ಯನು ೧೯೯೪ರ ತನ್ನ ಗ್ರಂಥದಲ್ಲಿ ಒಬ್ಬ ರೋಗಿಯನ್ನು ವರ್ಣಿಸಿರುವನು. ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದಾಗ ಆತನ ಮುಂಮೆದುಳಿನ ಒಂದು ಅಂಶವು ನಷ್ಟವಾಯಿತು. ಬುದ್ಧಿಯ ಪರೀಕ್ಷೆಗಳಲ್ಲಿ ಆತನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ತನ್ನ ದುರಂತವನ್ನೂ ಅನ್ಯರ ಕಥೆಯಂತೆ ನಿರ್ವಿಕಾರನಾಗಿ ಹೇಳುತ್ತಿದ್ದನು. ಸಣ್ಣ ವಿಷಯವನ್ನೂ ನಿರ್ಣಯಿಸಲಾರದೆ ಹೊತ್ತು ಕಳೆಯುತ್ತಿದ್ದನು. ಉದ್ಯೋಗವನ್ನೂ ಸಂಸಾರವನ್ನೂ ಕಳೆದುಕೊಂಡನು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ತೋರಿಸಿಕೊಡುವುದು ಭಾವವೇ. ಅದು ಬತ್ತಿದರೆ ಬುದ್ಧಿಯು ಕಲ್ಲಿಲ್ಲದ ತಕ್ಕಡಿಯಾಗುವುದು. ಕಮಲಾಪುರದ ಬಸ್ಸನ್ನು ನನಗೆ ಹತ್ತಿಸಿದುದೂ ಪಶ್ಚಾತ್ತಾಪವೆಂಬ ಒ೦ದು ಭಾವವೇ.

೬. ಹತ್ತಿಕ್ಕುವುದು, ಮರಳಿ ನೋಡುವುದು

ಭಾವವನ್ನು ಕಿತ್ತುಹಾಕಬಾರದು, ಅದರ ವಶವಾಗಲೂಬಾರದು. ಈಗ ಉಳಿದಿರುವ ದಾರಿಗಳನ್ನು ವಿಚಾರಿಸೋಣ.

ಒಂದು ದಾರಿಯು ಹತ್ತಿಕ್ಕುವುದು: ಒಳಗೆ ಕುದಿಯುತ್ತಿದ್ದರೂ ಮುಖದಲ್ಲಿ ತೋರಗೊಡದಿರುವುದು. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ ಎಂಬವರು ೧೯೯೩ರಲ್ಲಿ ಇದನ್ನು ಪರೀಕ್ಷಿಸಿದರು. ಜುಗುಪ್ಸೆ ಹುಟ್ಟಿಸುವ ಚಲನಚಿತ್ರವನ್ನು ನೋಡುವಾಗ ಮುಖದಲ್ಲಿ ಏನನ್ನೂ ತೋರಬಾರದೆಂದು ಕೆಲವರಿಗೆ ಹೇಳಿದ್ದರು. ಅವರ ಮುಖವು ಶಾಂತವಾಗಿ ಕಂಡಿತು. ಒಳಗಿನ ಅನುಭವವು ತಗ್ಗಲಿಲ್ಲ. ದೇಹದೊಳಗಿನ ಉದ್ರೇಕದ ಕೆಲವು ಗುರುತುಗಳು ಇನ್ನೂ ಹೆಚ್ಚಿದವು. ಹತ್ತಿಕ್ಕುವವರಿಗೆ ಆ ಹೊತ್ತಿನಲ್ಲಿ ಕೇಳಿದ ಮಾತಿನ ನೆನಪು ಕಡಮೆಯಾಗುವುದೆಂದು ೨೦೦೦ದಲ್ಲಿ ಜೇನ್ ರಿಚರ್ಡ್ಸ್ ಮತ್ತು ಗ್ರಾಸ್ ತೋರಿಸಿದರು. ಮುಚ್ಚಿಡುವ ಕೆಲಸಕ್ಕೇ ಮನಸ್ಸು ವ್ಯಯವಾಗುವುದರಿಂದ ಎದುರಿನವನ ಮಾತು ಒಳಗೆ ಇಳಿಯುವುದಿಲ್ಲ.

ಇಂದ್ರಿಯಗಳನ್ನು ಬಲಾತ್ಕಾರದಿಂದ ಅದುಮಿದರೆ ಬೇರೆ ದೋಷಗಳು ಹುಟ್ಟುವುವೆಂದು ಎಚ್ಚರಿಸಿದವರು ಬಸವಣ್ಣನವರೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ಸಂಸಾರದಲ್ಲಿದ್ದು ಕಾಯಕ ಮಾಡಿಕೊಂಡಿದ್ದವರು. ದೇಹವನ್ನು ದಂಡಿಸುವ ಮಾರ್ಗವನ್ನು ಅವರು ಹಿಡಿಯಲಿಲ್ಲ.

ಇನ್ನೊಂದು ದಾರಿಯು ಸಂಗತಿಯ ಅರ್ಥವನ್ನೇ ಮರಳಿ ನೋಡುವುದು. ಕೆವಿನ್ ಆಕ್ಸ್‌ನರ್ ಮತ್ತು ಅವನ ಸಂಗಡಿಗರು ೨೦೦೨ರಲ್ಲಿ, ಮನಸ್ಸನ್ನು ಕಲಕುವ ಚಿತ್ರಗಳನ್ನು ಬೇರೊಂದು ಅರ್ಥದಲ್ಲಿ ತಿಳಿದುಕೊಳ್ಳಲು ಯತ್ನಿಸುತ್ತಿದ್ದವರ ಮೆದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಮುಂಮೆದುಳಿನ ಕೆಲಸವು ಹೆಚ್ಚಿತು. ಅಮಿಗ್ಡಲಾದ ಪ್ರತಿಕ್ರಿಯೆಯು ತಗ್ಗಿತು. ನೋವಿನ ಅನುಭವವೂ ಕಡಮೆಯಾಯಿತು. ಹತ್ತಿಕ್ಕುವವನು ಭಾವವು ಹುಟ್ಟಿದ ಮೇಲೆ ಬಾಗಿಲು ಹಾಕುವನು. ಮರಳಿ ನೋಡುವವನು ಅದರ ಬೇರಿನ ಬಳಿಗೆ ಹೋಗುವನು.

ನಮ್ಮ ಕಲಬುರಗಿಯಲ್ಲಿ ಇದಕ್ಕೊಂದು ಮನೆಮಾತಾದ ದೃಷ್ಟಾಂತವಿದೆ. ದಾಸೋಹಮೂರ್ತಿಗಳಾದ ಶರಣಬಸವೇಶ್ವರರು (೧೭೪೬–೧೮೨೨) ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದ ಕಾಲದಲ್ಲಿ, ನೆರೆಹೊಲದವರು ಕವಣೆಯಿಂದ ಹಕ್ಕಿಗಳನ್ನು ಓಡಿಸುತ್ತಿದ್ದರೆ ಅವರು ಹಕ್ಕಿಗಳಿಗೆ ತೆನೆಯನ್ನು ಬಿಟ್ಟು ಕುಡಿಯುವ ನೀರನ್ನೂ ಇರಿಸುತ್ತಿದ್ದರೆಂದು ಜನರು ಹೇಳುವರು. ಹಕ್ಕಿಗಳೂ ಅವೇ, ಜೋಳವೂ ಅದೇ. ನೆರೆಯವರಿಗೆ ಕಳ್ಳರು ಕಂಡರು. ಇವರಿಗೆ ಅತಿಥಿಗಳು ಕಂಡರು. ಸಿಟ್ಟನ್ನು ನುಂಗಿಕೊಂಡು ಅವರು ಸುಮ್ಮನಿದ್ದರೆಂದು ಆ ಐತಿಹ್ಯವು ಹೇಳುವುದಿಲ್ಲ. ಸಿಟ್ಟು ಹುಟ್ಟುವುದಕ್ಕೆ ಎಡೆಯೇ ಇಲ್ಲದ ನೋಟವು ಅವರದಾಗಿತ್ತು.

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿರುವ ಭಕ್ತಿಯು ಅವಧಾನಭಕ್ತಿ. ಕಣ್ಣು, ಕಿವಿ, ನಾಲಗೆಗಳಿಗೆ ಬಂದುದನ್ನು ಹಾಗೆಯೇ ಭೋಗಿಸದೆ, ಮೊದಲು ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಅದರ ಕ್ರಮ. ಬಂದುದಕ್ಕೂ ಸ್ವೀಕರಿಸುವುದಕ್ಕೂ ನಡುವೆ ಒಂದು ಎಚ್ಚರದ ಅವಕಾಶವನ್ನು ಅದು ಕಲ್ಪಿಸುವುದು. ಶರಣರು ಅಮಿಗ್ಡಲಾವನ್ನು ಬಲ್ಲವರಾಗಿದ್ದರೆಂದು ಹೇಳುವುದು ಹಾಸ್ಯಾಸ್ಪದವಾದೀತು. ಅವರ ಗುರಿಯೂ ಬೇರೆ. ಆದರೆ ನೋಟವನ್ನು ಶೋಧಿಸದೆ ನಡತೆಯನ್ನು ಶೋಧಿಸಲಾಗದೆಂಬುದನ್ನು ಅವರು ತಮ್ಮ ಅನುಭವದಿಂದ ಅರಿತಿದ್ದರೆನ್ನಲು ಅಡ್ಡಿಯಿಲ್ಲ.

೭. ಅಭ್ಯಾಸಕ್ರಮ

ಇಷ್ಟನ್ನು ತಿಳಿದ ಮೇಲೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾಡಬೇಕಾದುದೇನು?

ಮೊದಲನೆಯದು, ಭಾವಕ್ಕೆ ಹೆಸರಿಡುವುದು. ಭಾವವನ್ನು ಮಾತಿನಿಂದ ಗುರುತಿಸಿದಾಗ ಅಮಿಗ್ಡಲಾದ ಪ್ರತಿಕ್ರಿಯೆಯು ತಗ್ಗುವುದೆಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ೨೦೦೭ರಲ್ಲಿ ತೋರಿಸಿರುವರು. ಅವರ ಪ್ರಯೋಗದಲ್ಲಿ ಜನರು ಗುರುತಿಸಿದುದು ಚಿತ್ರದಲ್ಲಿಯ ಮುಖಗಳ ಭಾವವನ್ನು. ನಮ್ಮ ಭಾವವನ್ನೂ ಹಾಗೆಯೇ ಗುರುತಿಸಬಹುದು. ‘ಇವನು ಕಳ್ಳ’ ಎನ್ನುವುದಕ್ಕೆ ಮೊದಲು ‘ನನಗೆ ಸಿಟ್ಟು ಬಂದಿದೆ, ಹಣಕ್ಕೆ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯೂ ಇದೆ’ ಎಂದುಕೊಳ್ಳಬೇಕು. ಆ ದಿನ ನನ್ನಲ್ಲಿದ್ದುದು ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚೆಂದು ಈಗ ತಿಳಿಯುವುದು.

ಎರಡನೆಯದು, ಹೊತ್ತು ಕೊಡುವುದು. ರಕ್ತಕ್ಕೆ ಇಳಿದುದು ತಿಳಿಯಾಗಲು ಕಾಲ ಬೇಕು. ತೀರ್ಪನ್ನೂ ಶಿಕ್ಷೆಯನ್ನೂ ಆ ಹೊತ್ತಿನಲ್ಲಿ ಮಾಡಬಾರದು. ಒಂದು ರಾತ್ರಿ ಕಳೆಯಲಿ. ಬಿಸಿ ಹಾಲನ್ನು ಆರಿಸಿ ಹೆಪ್ಪು ಹಾಕುವುದನ್ನು ನಮ್ಮ ತಾಯಂದಿರು ಬಲ್ಲರು.

ಮೂರನೆಯದು, ಎರಡನೆಯ ನೋಟ. ‘ಇದು ಬೇರೆ ಏನಿರಬಹುದು?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಬೆವರಿಗೆ ಬೇರೆ ಕಾರಣವಿರಬಹುದೆ? ಲಕೋಟೆಯು ಬೇರೆಡೆ ಇರಬಹುದೆ? ಉತ್ತರವು ದೊರೆಯದಿದ್ದರೂ ಪ್ರಶ್ನೆಯು ಮುಂಮೆದುಳನ್ನು ಕೆಲಸಕ್ಕೆ ಕರೆಯುವುದು.

ನಾಲ್ಕನೆಯದು, ಇವೆಲ್ಲವನ್ನೂ ಶಾಂತವಾಗಿರುವಾಗ, ಸಣ್ಣ ಸಂಗತಿಗಳಲ್ಲಿ, ನಿತ್ಯವೂ ರೂಢಿಸಿಕೊಳ್ಳುವುದು. ಬಸ್ಸು ತಡವಾದಾಗ, ಊಟಕ್ಕೆ ಉಪ್ಪು ಹೆಚ್ಚಾದಾಗ ಅಭ್ಯಾಸ ಮಾಡಿದವನಿಗೆ ದೊಡ್ಡ ಪ್ರಸಂಗದಲ್ಲಿ ಅದು ಒದಗುವುದು. ನಿದ್ರೆಗೆಟ್ಟವನಲ್ಲಿ ಮುಂಮೆದುಳಿನ ಹಿಡಿತವು ಸಡಿಲವಾಗುವುದರಿಂದ ನಿದ್ರೆಯನ್ನೂ ಸಂಯಮದ ಸಾಧನವೆಂದೇ ತಿಳಿಯಬೇಕು. ಕೋಪವಾಗಲಿ ಭಯವಾಗಲಿ ತನ್ನ ಯತ್ನಕ್ಕೆ ಮೀರಿ ಸಂಸಾರವನ್ನು ಕೆಡಿಸುತ್ತಿದ್ದರೆ ವೈದ್ಯರ ಸಹಾಯವನ್ನು ಪಡೆಯುವುದರಲ್ಲಿ ಲಜ್ಜೆಗೆ ಕಾರಣವಿಲ್ಲ. ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ (೧೪೪೧೬) ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಇನ್ನೊಂದು ಮಾತು. ಮುಂಮೆದುಳು ಪೂರ್ಣವಾಗಿ ಬಲಿಯಲು ಸುಮಾರು ಇಪ್ಪತ್ತೈದು ವರ್ಷಗಳು ಬೇಕು. ಹನ್ನೆರಡು ವರ್ಷದ ಮಗುವಿನಲ್ಲಿ ಇನ್ನೂ ಬೆಳೆಯುತ್ತಿರುವ ಸಂಯಮವನ್ನು ನಾವು ಏಟಿನಿಂದ ಪಡೆಯಲು ಹೋಗುವೆವು; ಏಟಿನ ಭಯವು ಆ ಎಳೆಯ ಮುಂಮೆದುಳನ್ನೇ ಮಂಕುಗೊಳಿಸುವುದು. ಹೆದರಿದ ಮಗುವು ಪಾಠವನ್ನು ಒಪ್ಪಿಸಲಾರದು, ನಿಜವನ್ನೂ ಹೇಳಲಾರದು. ಮಕ್ಕಳ ಶಿಕ್ಷಣ ಹಕ್ಕಿನ ೨೦೦೯ರ ಕಾಯಿದೆಯು ತನ್ನ ೧೭ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಗೆ ಅಂಜಿ ಕೈಯನ್ನು ತಡೆದವನು ಅಷ್ಟರಮಟ್ಟಿಗೆ ಒಳ್ಳೆಯವನೇ. ಆದರೆ ಮಗುವಿನ ಮುಖವನ್ನು ಎರಡನೆಯ ಸಲ ನೋಡಿ ಎಂದು ಯಾವ ಕಾಯಿದೆಯೂ ವಿಧಿಸಲಾರದು. ಅದನ್ನು ನಾವೇ ಕಲಿಯಬೇಕು.

೮. ಉಪಸಂಹಾರ

ಆ ಬಾಲಕನು ಮುಂದಿನ ವಾರ ಶಾಲೆಗೆ ಮರಳಿದನು. ಹೊಡೆದುದು ಎಲ್ಲರೆದುರಿಗೆ ಆದುದರಿಂದ, ತಪ್ಪೊಪ್ಪಿಕೊಂಡುದನ್ನೂ ಎಲ್ಲರೆದುರಿಗೆ ಮಾಡಿದೆನು. ಬಸವಕಲ್ಯಾಣಕ್ಕೂ ಅವನು ಬಂದನು. ಆದರೆ ಮೊದಲು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದವನು ಆ ವರ್ಷ ಮುಗಿಯುವವರೆಗೂ ಹಿಂದಿನ ಸಾಲಿನಲ್ಲಿಯೇ ಕುಳಿತನು. ನಾನು ಹತ್ತಿರ ಹೋದರೆ ಅವನ ಹಣೆಯಲ್ಲಿ ಬೆವರು ಮೂಡುತ್ತಿತ್ತು. ನಾನು ಹಾವಲ್ಲವೆಂದು ಅವನ ಬುದ್ಧಿಗೆ ತಿಳಿದಿದ್ದರೂ ಅವನ ದೇಹಕ್ಕೆ ತಿಳಿದಿರಲಿಲ್ಲ. ಕ್ಷಮೆಯನ್ನು ಕೇಳುವುದು ಒಂದು ದಿನದ ಕೆಲಸ. ಒಬ್ಬರ ದೇಹದಲ್ಲಿ ನಾವು ಬಿತ್ತಿದ ಭಯವು ಹೋಗಲು ಎಷ್ಟು ದಿನ ಬೇಕೆಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಈ ತಿಂಗಳಲ್ಲಿ ಯಾರ ಮೇಲಾದರೂ ಸಿಟ್ಟು ಬಂದ ಕೂಡಲೆ, ತೀರ್ಪು ಕೊಡುವ ಮೊದಲು, ಅವರ ಮುಖವನ್ನು ಇನ್ನೊಮ್ಮೆ ನೋಡಿರಿ. ಮೊದಲ ನೋಟವು ನಿಜವಾಗಿದ್ದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ತಪ್ಪಾಗಿದ್ದರೆ ಒಬ್ಬರು ನಮ್ಮಿಂದ ಉಳಿದರು, ನಾವೂ ಉಳಿದೆವು.